ಕರುಳು ಮತ್ತು ಹಿತ್ತಾಳೆ ಬಿಲ್ಲೆ

ಮನುಷ್ಯನನ್ನು ನಡೆಸುವುದು ಅವನ ಬುದ್ಧಿಯೋ ಹೃದಯವೋ ಎಂಬುದು ಬಹು ಹಳೆಯ ಪ್ರಶ್ನೆ. ಜ್ಞಾನಿಗಳು ಇದಕ್ಕಾಗಿ ಯುಗಯುಗಗಳಿಂದ ವಾದ ಮಾಡಿದ್ದಾರೆ, ಗಡ್ಡ ಬೆಳೆಸಿದ್ದಾರೆ, ಕೆಲವರು ಸಂಸಾರವನ್ನೂ ಬಿಟ್ಟಿದ್ದಾರೆ. ಅವರಲ್ಲಿ ಒಬ್ಬರಾದರೂ ಯಶವಂತಪುರದ ಕಡೆ ಬಂದು ನನ್ನನ್ನು ಒಂದು ಮಾತು ಕೇಳಿದ್ದರೆ ಇಷ್ಟು ಶ್ರಮ ಬೇಕಿರಲಿಲ್ಲ. ಮನುಷ್ಯನನ್ನು ನಡೆಸುವುದು ಸಣ್ಣ ಕರುಳಿನ ಕೊನೆಯ ಒಂದು ಗೇಣು. ನಡೆಸುವುದಷ್ಟೇ ಅಲ್ಲ, ಕೆಲವು ಸಲ ಓಡಿಸುವುದೂ ಅದೇ.

ಈ ತತ್ವ ನೆನಪಾದದ್ದು ಮೊನ್ನೆ ಯಲಹಂಕದಲ್ಲಿ, ನೆಂಟರ ಮದುವೆಯಲ್ಲಿ. ಛತ್ರದೊಳಗೆ ಕಾಲಿಟ್ಟವನು ಎಲ್ಲರಂತೆ ಮಂಟಪದ ಕಡೆ ನೋಡಬೇಕು ತಾನೆ? ನಾನು ನೋಡಿದ್ದು ಹಿಂಬಾಗಿಲಿನ ಕಡೆ. ಅದು ನನ್ನ ಅಭ್ಯಾಸ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಕಕ್ಕಸು ಯಾವ ದಿಕ್ಕಿಗಿದೆ, ದಾರಿಯಲ್ಲಿ ಚಾಪೆ ಹಾಸಿ ಕೂತವರು ಎಷ್ಟು, ಬಾಗಿಲ ಚಿಲಕ ಭದ್ರವಾಗಿದೆಯೋ ಇಲ್ಲವೋ ಇಷ್ಟನ್ನು ತಿಳಿದುಕೊಂಡ ಮೇಲೆಯೇ ನಾನು ವಧೂವರರ ಹೆಸರು ಕೇಳುವುದು. ನನ್ನ ಸೋದರತ್ತೆ ಇದನ್ನು ಗಮನಿಸಿಬಿಟ್ಟರು.

“ಏನೋ ಮೂರ್ತಿ, ಬಂದ ತಕ್ಷಣ ಹಿಂದ್ಗಡೆ ನೋಡ್ತೀಯಾ. ಅಡಿಗೆಯೋರು ಬಂದಿದಾರಾ ಅಂತ್ಲಾ?”

“ಹೂಂ ಅತ್ತೆ.”

“ಚಿಕ್ಕಂದಿನಿಂದ್ಲೂ ಹೊಟ್ಟೆಬಾಕ ನೀನು” ಎಂದರು. ಹೊಟ್ಟೆಯ ವಿಷಯ ಎಂಬಷ್ಟರ ಮಟ್ಟಿಗೆ ಅವರ ಮಾತು ಸರಿಯಾಗಿತ್ತು.

ಚಿಕ್ಕಂದಿನ ಮಾತು ಬಂತು ನೋಡಿ. ನಾನು ಬೆಳೆದದ್ದು ಸೋಲದೇವನಹಳ್ಳಿಯಲ್ಲಿ, ಅಜ್ಜಿಯ ಕೈಯಲ್ಲಿ. ನಮ್ಮಜ್ಜಿಗೆ ಲೋಕದಲ್ಲಿ ಎರಡೇ ಬಗೆಯ ಮಕ್ಕಳು: ಹೊಟ್ಟೆ ಶುದ್ಧವಾಗಿರುವವರು ಮತ್ತು ಆಗಬೇಕಾದವರು. ತಿಂಗಳಿಗೊಂದು ಭಾನುವಾರ ಬೆಳಗ್ಗೆ ನಮ್ಮನ್ನೆಲ್ಲ ಹಜಾರದಲ್ಲಿ ಸಾಲಾಗಿ ಕೂರಿಸಿ ಬಿಸಿ ಕಾಫಿಯಲ್ಲಿ ಹರಳೆಣ್ಣೆ ಬೆರೆಸಿ ಕುಡಿಸುತ್ತಿದ್ದಳು. ಮೂಗು ಹಿಡಿಯುವುದಕ್ಕೆ ಒಬ್ಬ ಚಿಕ್ಕಪ್ಪ, ಕಾಲು ಹಿಡಿಯುವುದಕ್ಕೆ ಇನ್ನೊಬ್ಬ. ಲೋಟದ ಅಂಚಿನಲ್ಲಿ ಎಣ್ಣೆಯ ಬಳೆಗಳು ತೇಲುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಬಯಲಿನ ಕಡೆ ನಮ್ಮ ಓಟ. ಮಧ್ಯಾಹ್ನಕ್ಕೆ ಮೆಣಸಿನ ಸಾರು, ಮೆತ್ತನೆಯ ಅನ್ನ, ಸುಟ್ಟ ಹಪ್ಪಳ. ಒಂದು ಸಲ ನಾನು ಹಪ್ಪಳದ ಆಸೆಗೆ ಎರಡು ಲೋಟ ಕುಡಿದು, ಬಯಲಿನಿಂದ ವಾಪಸು ಬರುವಷ್ಟರಲ್ಲಿ ಹಪ್ಪಳ ಮುಗಿದಿತ್ತು. ಹೊಟ್ಟೆಯನ್ನು ಓಡಿಸಲು ಇಷ್ಟೆಲ್ಲ ಪಡಿಪಾಟಲು ಪಟ್ಟ ಮನೆತನ ನಮ್ಮದು. ಮುಂದೆ ಒಂದು ದಿನ ಈ ಮನೆತನದಲ್ಲಿ ಯಾರ ಸಹಾಯವೂ ಇಲ್ಲದೆ, ಹರಳೆಣ್ಣೆಯ ಖರ್ಚೂ ಇಲ್ಲದೆ ತಾನೇ ತಾನಾಗಿ ಓಡುವ ಹೊಟ್ಟೆಯೊಂದು ಅವತರಿಸುತ್ತದೆಂದು ಅಜ್ಜಿಗೆ ತಿಳಿದಿದ್ದರೆ ಎಷ್ಟು ಹೆಮ್ಮೆಪಡುತ್ತಿದ್ದಳೋ.

ಅದು ಅವತರಿಸಿದ್ದು ಐವತ್ತರ ದಶಕದ ಕೊನೆಯ ಹೊತ್ತಿಗೆ. ನನಗೆ ಆಗತಾನೆ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಆಗತಾನೆ ಮದುವೆಯೂ ಆಗಿತ್ತು. ನಾನು, ನನ್ನ ಹೆಂಡತಿ ಸರೋಜ ಯಶವಂತಪುರದ ಒಂದು ವಠಾರದಲ್ಲಿ ಒಂದೂವರೆ ಕೋಣೆಯ ಸಂಸಾರ ಹೂಡಿದೆವು. ವಠಾರದ ಯಜಮಾನ ಮುನಿನಂಜಪ್ಪ. ಊರಿನ ಹಳೆಯ ಒಕ್ಕಲು ಮನೆತನದವನು. ತೋಟದ ಒಂದು ಮೂಲೆಯಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಮನೆಗಳು ಬಹಳ, ಕಕ್ಕಸು ಒಂದು. “ಒಂದು ಸಾಕಾ ಯಜಮಾನ್ರೆ?” ಎಂದು ನಾನು ಮೊದಲ ದಿನ ಕೇಳಿದ್ದಕ್ಕೆ, “ಏನ್ ಸ್ವಾಮಿ, ಎಲ್ಲಾರ್ಗೂ ಒಂದೇ ಕಿತ ಬತ್ತದಾ?” ಎಂದು ಕೇಳಿದ್ದ. ತರ್ಕ ಸರಿಯಾಗಿತ್ತು. ಆಗ ನನ್ನ ಆರೋಗ್ಯವೂ ಸರಿಯಾಗಿದ್ದುದರಿಂದ ನಾನು ಒಪ್ಪಿಕೊಂಡೆ.

ಆ ವಠಾರದಲ್ಲಿ ಒಂದು ಸಂಪ್ರದಾಯವಿತ್ತು. ಬೆಳಗಾದರೆ ಪ್ರತಿ ಮನೆಯವರೂ ನೀರು ತುಂಬಿದ ಚೊಂಬನ್ನು ತಂದು ಕಕ್ಕಸಿನ ಗೋಡೆಯ ಪಕ್ಕ ಸಾಲಿನಲ್ಲಿ ಇಟ್ಟು ಹೋಗುವರು. ಹಲ್ಲುಜ್ಜುವುದು, ಹಾಲು ಹಾಕಿಸಿಕೊಳ್ಳುವುದು, ಪಕ್ಕದ ಮನೆಯವರ ಪೇಪರು ಓದುವುದು ಇವನ್ನೆಲ್ಲ ಚೊಂಬಿನ ಯಜಮಾನ ನೆಮ್ಮದಿಯಾಗಿ ಮಾಡಬಹುದು; ಅವನ ಸರದಿಯನ್ನು ಚೊಂಬು ಕಾಯುತ್ತದೆ. ಒಳಗಿನಿಂದ ಬಂದವರು ಮುಂದಿನ ಚೊಂಬನ್ನು ನೋಡಿ, “ರಂಗಣ್ಣೋರೇ, ನಿಮ್ಮ ಚೊಂಬು ಬಂತು” ಎಂದು ಕೂಗಬೇಕು. ಇನ್ನೊಬ್ಬರ ಚೊಂಬನ್ನು ಮುಟ್ಟುವುದು, ಸರಿಸುವುದು ಮಹಾಪರಾಧ. ಚೊಂಬಿನ ಹೊರತು ಆ ವಠಾರದಲ್ಲಿ ಬೇರಾವ ಆಸ್ತಿಹಕ್ಕಿಗೂ ಅಷ್ಟು ಮರ್ಯಾದೆ ಇರಲಿಲ್ಲ.

ಕೆಲವು ತಿಂಗಳಲ್ಲೇ ಶುರುವಾದ ನನ್ನ ಕಾಯಿಲೆಗೆ ಚೊಂಬಿನ ಸಾಲಿನ ಕಾನೂನು ತಿಳಿಯದು. ಮೊದಲು ಹೊಟ್ಟೆಯ ಬಲಭಾಗದಲ್ಲಿ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು, ಆಮೇಲೆ ಬೇಗ, ಬಹಳ ಬೇಗ ಎನ್ನುವ ಅಪ್ಪಣೆ. ಒಂದು ದಿನ ನಾನು ರಂಗಣ್ಣನವರ ಚೊಂಬನ್ನು ದಾಟಿ ಒಳಗೆ ನುಗ್ಗಿದೆ. ವಠಾರವೇ ಸೇರಿತು. ಮುನಿನಂಜಪ್ಪ ಹಲಸಿನ ಮರದ ಕೆಳಗೆ ಪಂಚಾಯ್ತಿ ಕೂರಿಸಿದ. ಸರೋಜ ನಮ್ಮ ಬಾಗಿಲ ಹಿಂದೆ ನಿಂತೇ ನನ್ನ ಪರವಾಗಿ ವಾದ ಮಾಡಿದಳು.

“ಅವರಿಗೇನು ಸಂತೋಷಾನಾ ನುಗ್ಗೋಕೆ? ಹೊಟ್ಟೆ ಸರಿ ಇಲ್ಲ ಅಂದ್ರೆ ಇಲ್ಲ.”

ಮುನಿನಂಜಪ್ಪ ನನ್ನ ಕಡೆ ನೋಡಿ, “ಸ್ವಾಮಿ, ನಿಮ್ ಒಟ್ಟೆ ದೇವ್ರಂಗೆ. ಯಾವಾಗ್ ಮೈಮೇಲೆ ಬತ್ತದೋ ಏಳಕಾಗಲ್ಲ. ಇವತ್ತಿಂದ ನಿಮ್ ಚೊಂಬು ಮೊದ್ಲು. ಯಾರೂ ತಂಟೆ ಮಾಡ್ಬ್ಯಾಡ್ರಿ” ಎಂದು ತೀರ್ಪು ಕೊಟ್ಟ. ಅಂದಿನಿಂದ ನನ್ನ ಚೊಂಬಿಗೆ ಅಗ್ರಸ್ಥಾನ. ನಮ್ಮ ವಂಶದಲ್ಲಿ ಯಾರಿಗೂ ಸಭೆಯಲ್ಲಿ ಅಗ್ರಸ್ಥಾನ ಸಿಕ್ಕಿರಲಿಲ್ಲ. ತೀರ್ಪಿನ ಜೊತೆಗೆ ಅವನು ಔಷಧಿಯನ್ನೂ ಹೇಳಿದ: “ಅನ್ನ ಬುಡಿ. ರಾಗಿಮುದ್ದೆ ಎಲ್ಡು ನುಂಗಿ, ಒಟ್ಟೆ ಕಟ್ಕಂತದೆ.” ವಠಾರದ ಹೆಂಗಸರು ದಾಳಿಂಬೆ ಸಿಪ್ಪೆ, ಬಿಲ್ವದ ಕಾಯಿ, ಮೊಸರಿನಲ್ಲಿ ನೆನೆಸಿದ ಮೆಂತ್ಯ ಎಂದು ಒಬ್ಬೊಬ್ಬರು ಒಂದೊಂದು ಕಳಿಸಿದರು. ನಾನು ಎಲ್ಲವನ್ನೂ ಸೇವಿಸಿದೆ. ಅವೆಲ್ಲವೂ ಒಂದೇ ವೇಗದಲ್ಲಿ ಹೊರಟುಹೋದವು.

ಕಾರ್ಖಾನೆಯ ವಿಷಯ ಬೇರೆ. ಅಲ್ಲಿ ಚೊಂಬಿರಲಿಲ್ಲ, ಬಿಲ್ಲೆ ಇತ್ತು. ನಮ್ಮ ವಿಭಾಗಕ್ಕೆಲ್ಲ ಸೇರಿ ಅಂಗೈಯಗಲದ ಒಂದೇ ಹಿತ್ತಾಳೆ ಬಿಲ್ಲೆ. ಅದು ಫೋರ್‌ಮನ್ ಖಾದರ್ ಸಾಹೇಬರ ಮೇಜಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಕೆಲಸದ ಹೊತ್ತಿನಲ್ಲಿ ಕಕ್ಕಸಿಗೆ ಹೋಗುವವನು ಅದನ್ನು ತೆಗೆದುಕೊಂಡು ಹೋಗಬೇಕು, ಬಂದು ಮತ್ತೆ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದ್ದರೆ ಮಿಕ್ಕವರು ಪ್ರಕೃತಿಯ ಜೊತೆ ತಾವೇ ಮಾತಾಡಿಕೊಳ್ಳಬೇಕು. ನನ್ನ ಕೆಲಸ ಪರೀಕ್ಷಕನದು. ನಾನು ಅಳತೆಯ ಗೇಜ್ ಇಟ್ಟು ನೋಡಿ ಸರಿ ಎನ್ನದೆ ಒಂದು ತುಂಡು ಲೋಹವೂ ಮುಂದಿನ ಬೆಂಚಿಗೆ ಹೋಗುವಂತಿರಲಿಲ್ಲ. ಹೀಗಾಗಿ ನಾನು ಎದ್ದರೆ ಬಿಲ್ಲೆಯೂ ಇಲ್ಲ, ಮಾಲೂ ಇಲ್ಲ. ಇಡೀ ವಿಭಾಗ ಕೈಕಟ್ಟಿ ಕೂತು ಬಾಗಿಲ ಕಡೆ ನೋಡುತ್ತಿತ್ತು. ಹಿಂದಿನ ಕಾಲದಲ್ಲಿ ಮಹಾರಾಜರ ಸವಾರಿಗೆ ಜನ ಹೀಗೆ ಕಾಯುತ್ತಿದ್ದರಂತೆ.

ಇಲ್ಲಿ ಒಂದು ಸಂಗತಿಯನ್ನು ಗಂಭೀರವಾಗಿ ಹೇಳಬೇಕು. ನನ್ನ ಕೆಲಸ ಇನ್ನೂ ಟೆಂಪರರಿ. ಪರ್ಮನೆಂಟ್ ಆದರೆ ಜಾಲಹಳ್ಳಿಯಲ್ಲಿ ಕ್ವಾರ್ಟರ್ಸ್ ಸಿಗುತ್ತದೆ. ಎರಡು ಕೋಣೆ, ಒಂದು ಅಡಿಗೆಮನೆ ಮತ್ತು ಸ್ವಂತ ಕಕ್ಕಸು. ಬೇರೆಯವರು ರಾತ್ರಿ ಮಲಗಿ ಬಂಗಲೆಯ ಕನಸು ಕಾಣುತ್ತಾರೆ, ಕಾರಿನ ಕನಸು ಕಾಣುತ್ತಾರೆ. ನಾನು, ಸರೋಜ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ಹೊರಗೆ ಯಾರೂ ಕೆಮ್ಮದ ಒಂದು ಪುಟ್ಟ ಕೋಣೆಯ ಕನಸು ಕಂಡೆವು. ಆದರೆ ಪರ್ಮನೆಂಟ್ ಆಗುವವನಿಗೆ ದೊಡ್ಡ ಕಾಯಿಲೆ ಇರಕೂಡದು. ಇದ್ದದ್ದು ಗೊತ್ತಾದರೆ ಮೆಡಿಕಲ್ ಬೋರ್ಡು ‘ಅನ್‌ಫಿಟ್’ ಎಂದು ಬರೆದು ಮನೆಗೆ ಕಳಿಸುತ್ತದೆ. ಆದ್ದರಿಂದ ಕಾರ್ಖಾನೆಯ ಡಿಸ್ಪೆನ್ಸರಿಯ ಕಡೆ ನಾನು ತಲೆಯಿಟ್ಟೂ ಮಲಗುತ್ತಿರಲಿಲ್ಲ. ಕಾಯಿಲೆ ವಾಸಿಯಾಗಬೇಕು, ಇಲ್ಲವೇ ಯಾರಿಗೂ ಗೊತ್ತಾಗಬಾರದು. ಎರಡೂ ಆಗುವ ಲಕ್ಷಣವಿರಲಿಲ್ಲ.

ಯಶವಂತಪುರದ ಮಾರ್ಕೆಟ್ಟಿನ ಹತ್ತಿರ ಒಬ್ಬ ಡಾಕ್ಟರಿದ್ದರು. ಅವರಿಗೆ ಅಮೀಬಾ ಎಂದರೆ ಪ್ರಾಣ. ತಲೆನೋವೆಂದು ಹೋದವರಲ್ಲೂ ಅವರು ಅಮೀಬಾ ಕಂಡಿದ್ದರು. “ನಿಮ್ಮ ಹೊಟ್ಟೆಯಲ್ಲಿ ಅದು ಸಂಸಾರ ಹೂಡಿದೆ, ಒಕ್ಕಲೆಬ್ಬಿಸೋಣ” ಎಂದು ಸೂಜಿ ಚುಚ್ಚಿದರು, ಮಾತ್ರೆ ನುಂಗಿಸಿದರು. ಅಮೀಬಾ ಇದ್ದಿದ್ದರೆ ಖಂಡಿತ ಹೋಗುತ್ತಿತ್ತು. ಹೋದದ್ದು ನನ್ನ ತೂಕ. ಆ ಚಿಕಿತ್ಸೆಯ ಕಾಲದಲ್ಲಿ ಯಶವಂತಪುರದಿಂದ ಜಾಲಹಳ್ಳಿಯವರೆಗೆ ರಸ್ತೆ ಪಕ್ಕದ ಒಂದೊಂದು ಲಂಟಾನ ಪೊದೆಯೂ ನನಗೆ ಪರಿಚಯವಾಯಿತು. ಯಾವುದು ದಟ್ಟ, ಯಾವುದಕ್ಕೆ ಮುಳ್ಳು ಹೆಚ್ಚು, ಯಾವುದರ ಹಿಂದೆ ಆಡು ಕಾಯುವವನು ಬೀಡಿ ಸೇದುತ್ತಾನೆ ಎಲ್ಲ ಗೊತ್ತು. ಸೈಕಲ್ಲನ್ನು ಬೇಲಿಗೆ ಒರಗಿಸಿ ನಾನು ಮಾಯವಾಗುವುದನ್ನು ನೋಡಿದ ದಾರಿಹೋಕರು ನನ್ನನ್ನು ಸಸ್ಯಶಾಸ್ತ್ರದ ಮೇಷ್ಟ್ರು ಎಂದುಕೊಂಡಿದ್ದರೂ ಇರಬಹುದು.

ಎರಡನೆಯ ಡಾಕ್ಟರು ಪೇಟೆಯವರು. ಅವರು ನನ್ನ ಹೊಟ್ಟೆಯನ್ನು ಒತ್ತಿ, ಸಂಜೆಯ ಹೊತ್ತು ಬರುತ್ತಿದ್ದ ಜ್ವರದ ಮಾತು ಕೇಳಿ, ಬಾಗಿಲು ಮುಚ್ಚಿ, “ಕರುಳಿನ ಕ್ಷಯ” ಎಂದರು. ಕ್ಷಯ ಎಂಬ ಮಾತು ವಠಾರದ ಕಿವಿಗೆ ಬಿದ್ದರೆ ನಮ್ಮ ಚೊಂಬಿಗೆ ಸಾಲಿನಲ್ಲೇ ಜಾಗವಿರುವುದಿಲ್ಲ. ಕಾರ್ಖಾನೆಯ ಕಿವಿಗೆ ಬಿದ್ದರೆ ಕೆಲಸವೇ ಇರುವುದಿಲ್ಲ. ಕಾಂಪೌಂಡರು ದಿನಾ ಮನೆಗೆ ಬಂದು ಸೂಜಿ ಹಾಕಬೇಕಾಯಿತು. ಅದೇನೆಂದು ಅಕ್ಕಪಕ್ಕದವರು ಕೇಳಿದ್ದಕ್ಕೆ ಸರೋಜ ಕಣ್ಣು ಮಿಟುಕಿಸದೆ, “ಶಕ್ತಿ ಇಂಜೆಕ್ಷನ್ನು” ಎಂದಳು. ಪರಿಣಾಮವೇನಾಯಿತೆಂದರೆ ರಂಗಣ್ಣನವರ ಹೆಂಡತಿ ಕಾಂಪೌಂಡರನ್ನು ಬಾಗಿಲಲ್ಲೇ ತಡೆದು, “ನಮ್ಮನೆಯವರಿಗೂ ಅದನ್ನೇ ಒಂದು ಹಾಕಿಬಿಡಿ” ಎಂದು ಪಟ್ಟು ಹಿಡಿದರು. ರಂಗಣ್ಣನವರು ಹಿಂದಿನ ಬೇಲಿ ಹಾರಿ ಪಾರಾದರು. ನಾನು ಹಾರಲಿಲ್ಲ. ತಿಂಗಳುಗಟ್ಟಲೆ ಹಾಕಿಸಿಕೊಂಡೆ. ಕಿವಿಯಲ್ಲಿ ಜೀರುಂಡೆ ಕೂಗಲು ಶುರುವಾಯಿತು, ನಡೆದರೆ ನೆಲ ದೋಣಿಯಂತೆ ತೂಗುತ್ತಿತ್ತು, ಹೊಟ್ಟೆ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು.

ಇಷ್ಟರಲ್ಲಿ ಕಾರ್ಖಾನೆಯಲ್ಲಿ ನನಗೆ ಅರಿವಿಲ್ಲದೆ ನನ್ನ ಕೀರ್ತಿ ಬೆಳೆಯುತ್ತಿತ್ತು.

ಆಗ ನಮ್ಮಲ್ಲಿ ಯೂನಿಯನ್ ಕಟ್ಟುವ ಗುಟ್ಟಿನ ಕೆಲಸ ನಡೆದಿತ್ತು. ಬೆಂಚಿನ ಹತ್ತಿರ ಮಾತಾಡುವ ಹಾಗಿಲ್ಲ, ಕ್ಯಾಂಟೀನಿನಲ್ಲಿ ಮೇಲಿನವರ ಕಿವಿಗಳು. ಆದ್ದರಿಂದ ಆ ಮಹಾಕಾರ್ಯ ನಡೆಯುತ್ತಿದ್ದುದು ಕಕ್ಕಸಿನ ಮುಂದಿನ ಕಿರಿದಾದ ಓಣಿಯಲ್ಲಿ. ಒಂದೊಂದು ವಿಭಾಗದಿಂದ ಒಬ್ಬೊಬ್ಬ ಬಿಲ್ಲೆ ಹಿಡಿದು ಬರುವನು, ಎರಡು ಮಾತಾಡಿ ಹೋಗುವನು. ಇದರ ಮುಖಂಡ ಗೋವಿಂದರಾಜು. ಪೇಂಟ್ ವಿಭಾಗದವನು, ಒಣಕಲು ಆಳು, ಕರಪತ್ರಗಳನ್ನು ಕಾಲುಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ. ಅವನು ಯಾವ ಹೊತ್ತಿಗೆ ಓಣಿಗೆ ಬಂದರೂ ನಾನು ಅಲ್ಲಿದ್ದೆ. ಮುಖ ಹಿಂಡಿಕೊಂಡು, ಮುಷ್ಟಿ ಬಿಗಿದು, ಹಣೆಯ ಮೇಲೆ ಬೆವರು. ಅವನ ಕಣ್ಣಿಗೆ ಅದು ವರ್ಗಸಮರದ ರೋಷವಾಗಿ ಕಂಡಿತು.

“ಏನ್ ಗುರು, ಬೆಳಗ್ಗೆಯಿಂದ ಇಲ್ಲೇ ಇದೀಯಲ್ಲ! ಒಳಗಡೆ ಏನ್ ಪರಿಸ್ಥಿತಿ?” ಎಂದು ಒಂದು ದಿನ ಕೇಳಿದ.

“ತುಂಬಾ ಕೆಟ್ಟಿದೆ” ಎಂದೆ.

“ಗೊತ್ತು ಗುರು. ಎಷ್ಟು ದಿನ ತಡ್ಕೊಳೋದು?”

“ನನ್ನ ಕೈಲಂತೂ ಇನ್ನು ಒಂದು ನಿಮಿಷ ಆಗಲ್ಲ” ಎಂದು ನಾನು ಒಳಗೆ ಓಡಿದೆ.

ಗೋವಿಂದರಾಜು ಭಾವಪರವಶನಾದ. ನಾನು ಹೊರಬಂದಾಗ ಬಾಗಿಲಲ್ಲೇ ನಿಂತು ನನ್ನ ಕೈಕುಲುಕಿದ. ನನ್ನ ಕೈ ಇನ್ನೂ ಒದ್ದೆ ಇತ್ತು, ಆದರೆ ಇತಿಹಾಸದ ಅಂಥ ಗಳಿಗೆಯಲ್ಲಿ ಅದನ್ನು ಯಾರು ಗಮನಿಸುತ್ತಾರೆ? ವಾರ ಕಳೆಯುವುದರೊಳಗೆ ಯೂನಿಯನ್ನಿನ ಬೇಡಿಕೆಗಳಲ್ಲಿ ಒಂದು ಹೊಸದು ಸೇರಿತು: ‘ಪ್ರತಿ ವಿಭಾಗಕ್ಕೂ ಎರಡನೇ ಬಿಲ್ಲೆ’. ಈಗ ಗುಟ್ಟು ಬಿಟ್ಟು ಊಟದ ಹೊತ್ತಿಗೆ ಗೇಟಿನಾಚೆ ಘೋಷಣೆ ಕೂಗಿದರು. ಗೋವಿಂದರಾಜು ಒಂದು ಡ್ರಮ್ಮಿನ ಮೇಲೆ ಹತ್ತಿ, “ಜೋಡಣೆ ವಿಭಾಗದ ಮೂರ್ತಿಯವರು ದಿನವಿಡೀ ಕೆಲಸ ನಿಲ್ಲಿಸಿ ಏಕಾಂಗಿಯಾಗಿ ಹೋರಾಡ್ತಾ ಇದ್ದಾರೆ” ಎಂದು ಸಾರಿದ. ಏಕಾಂಗಿಯಾಗಿ ಹೋರಾಡುತ್ತಿದ್ದೆ ಎಂಬುದರಲ್ಲಿ ಸುಳ್ಳೇನಿಲ್ಲ. ಜನ ಚಪ್ಪಾಳೆ ತಟ್ಟಿದರು. ಆ ಹೊತ್ತಿನಲ್ಲೂ ನಾನು ಅಲ್ಲಿರಲಿಲ್ಲ. ಎಲ್ಲಿದ್ದೆನೆಂದು ಬಿಡಿಸಿ ಹೇಳಬೇಕಿಲ್ಲ.

ಎರಡು ದಿನಕ್ಕೆ ಪರ್ಸನೆಲ್ ಆಫೀಸರ್ ಶೇಷಾದ್ರಿಗಳಿಂದ ಕರೆ ಬಂತು. ನಮ್ಮ ಸೀಮೆಯ ಬಿಸಿಲಿನಲ್ಲೂ ಟೈ ಸಡಿಲಿಸದ ಮನುಷ್ಯ. ಯಾರನ್ನು ಪರ್ಮನೆಂಟ್ ಮಾಡಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬುದು ಅವರ ಮಾತಿನ ಮೇಲೆ ನಿಂತಿತ್ತು.

“ಕೂತ್ಕೊಳ್ಳಿ ಮೂರ್ತಿ. ನೋಡಿದ್ರೆ ಒಳ್ಳೆ ಮನೆತನದವರ ಹಾಗೆ ಕಾಣ್ತೀರಿ.”

“ಹೌದು ಸಾರ್.”

“ನೇರವಾಗಿ ಕೇಳ್ತೀನಿ. ದಿನಾ ಲ್ಯಾಟ್ರಿನ್ನಲ್ಲಿ ಏನ್ ಮಾಡ್ತೀರಿ?”

ಟೈ ಕಟ್ಟಿದ ಮನುಷ್ಯನೊಬ್ಬ ಇನ್ನೊಬ್ಬ ಮನುಷ್ಯನನ್ನು ಮೇಜಿನ ಆಚೆ ಕೂರಿಸಿ ಈ ಪ್ರಶ್ನೆ ಕೇಳಿದ್ದು ಅದೇ ಮೊದಲಿರಬೇಕು. ಓದುಗರು ನನ್ನ ಸಂಕಟವನ್ನು ನಿಧಾನವಾಗಿ ಯೋಚಿಸಬೇಕು. ನಿಜ ಹೇಳಿದರೆ ಕಾಯಿಲೆ ಬಯಲಾಗುತ್ತದೆ. ಮೆಡಿಕಲ್ ಬೋರ್ಡು ಮನೆಗೆ ಕಳಿಸುತ್ತದೆ. ನಿಜ ಹೇಳದಿದ್ದರೆ ನಾನು ಯೂನಿಯನ್ ಮುಖಂಡ. ಇವರು ಮನೆಗೆ ಕಳಿಸುತ್ತಾರೆ. ಮನೆಯೆಂದರೆ ಆ ವಠಾರ, ಆ ಚೊಂಬಿನ ಸಾಲು.

“ಎಲ್ಲರೂ ಮಾಡೋದನ್ನೇ ಸಾರ್” ಎಂದೆ.

“ಎಲ್ಲರೂ ಅಂದ್ರೆ ಯಾರ್ಯಾರು?” ಎಂದು ಅವರು ಪೆನ್ನು ತೆಗೆದರು.

“ಹಾಗಲ್ಲ ಸಾರ್…”

“ನೀವು ಎದ್ದು ಹೋದಾಗೆಲ್ಲ ಪ್ರೊಡಕ್ಷನ್ ನಿಲ್ಲುತ್ತೆ. ಬೇಕಂತ್ಲೇ ಕೆಲಸ ನಿಧಾನ ಮಾಡೋ ಇದಕ್ಕೆ ಗೋ ಸ್ಲೋ ಅಂತ ಹೆಸರು. ಗೊತ್ತಾ?”

ನನ್ನ ಜೀವಮಾನದಲ್ಲಿ ನನ್ನ ಹೊಟ್ಟೆಯನ್ನು ಯಾರೂ ಸ್ಲೋ ಎಂದಿರಲಿಲ್ಲ. ಆದರೆ ನಗುವ ಹೊತ್ತಲ್ಲ.

“ಬರೋ ತಿಂಗಳು ಕನ್ಫರ್ಮೇಶನ್ ಕಮಿಟಿ ಕೂತ್ಕೊಳ್ಳುತ್ತೆ. ಅಷ್ಟರೊಳಗೆ ಈ ಓಡಾಟ ನಿಲ್ಲಬೇಕು.”

“ಅದು ನನ್ನ ಕೈಲಿಲ್ಲ ಸಾರ್” ಎಂದೆ. ನಾನು ಇಷ್ಟು ಪ್ರಾಮಾಣಿಕವಾಗಿ ಆಡಿದ ಮಾತು ಇನ್ನೊಂದಿಲ್ಲ.

“ಹಾಗಾದ್ರೆ ಯಾರ ಕೈಲಿದೆ? ನಿಮ್ಮನ್ನ ಆಡಿಸ್ತಿರೋದು ಯಾರು?”

ನನ್ನನ್ನು ಆಡಿಸುತ್ತಿದ್ದುದು ಅದೇ ಗಳಿಗೆಗೆ ಬಲಗಡೆಯಿಂದ ಗುಡುಗಿತು. ನಾನು ಎದ್ದು ನಿಂತೆ. “ಕ್ಷಮಿಸಿ ಸಾರ್, ಹೋಗ್ಲೇಬೇಕು” ಎಂದು ಅಪ್ಪಣೆಗೂ ಕಾಯದೆ ಹೊರಗೆ ಓಡಿದೆ. ನಾನು ಸಭಾತ್ಯಾಗ ಮಾಡಿದೆನೆಂದು ಸಂಜೆಯೊಳಗೆ ಇಡೀ ಕಾರ್ಖಾನೆಗೆ ಸುದ್ದಿಯಾಯಿತು. ಗೋವಿಂದರಾಜು ಕ್ಯಾಂಟೀನಿನಲ್ಲಿ ನನಗೊಂದು ಮಸಾಲೆ ದೋಸೆ ಕೊಡಿಸಿದ. ನಾನು ಅದನ್ನು ತಿನ್ನುವ ಸ್ಥಿತಿಯಲ್ಲಿರಲಿಲ್ಲ. ಚಳವಳಿಗಾರನಿಗೆ ಊಟವೂ ಸೇರುವುದಿಲ್ಲ ಎಂದು ಅದಕ್ಕೂ ಗೌರವ ಸಿಕ್ಕಿತು.

ಆ ರಾತ್ರಿ ಸರೋಜಳಿಗೆ ಎಲ್ಲ ಹೇಳಿದೆ. ಅವಳು ನನ್ನ ಪ್ಯಾಂಟಿನ ಸೊಂಟ ಹಿಡಿಸುತ್ತ ಕೂತಿದ್ದಳು. ಆ ವರ್ಷ ಅವಳಿಗೆ ಅದೇ ಹೊಲಿಗೆ. “ರೀ, ಕ್ವಾರ್ಟರ್ಸ್ ಹೋದ್ರೆ ಹೋಗ್ಲಿ. ನೀವು ಹೀಗೇ ಕರಗ್ತಾ ಹೋದ್ರೆ ಹಿಡಿಸೋಕೆ ಬಟ್ಟೆ ಇರತ್ತೆ, ಸೊಂಟ ಇರಲ್ಲ” ಎಂದಳು. ತಮಾಷೆಗೆ ಹೇಳಿದ ಮಾತಲ್ಲ. ನಾನೂ ನಗಲಿಲ್ಲ.

ನಿಜ ಗೊತ್ತಾದದ್ದು ಖಾದರ್ ಸಾಹೇಬರಿಗೆ. ಬಿಲ್ಲೆ ಅವರ ಕಣ್ಣೆದುರಿನ ಮೊಳೆಯಿಂದಲೇ ಹೋಗಿ ಬರುತ್ತಿತ್ತಲ್ಲ. ಒಂದು ಮಧ್ಯಾಹ್ನ ನೋವು ಬಂದು ನಾನು ಗೇಜನ್ನು ಹಿಡಿದುಕೊಂಡೇ ಬೆಂಚಿನ ಮೇಲೆ ಬಗ್ಗಿದೆ. ಅವರು ಬಂದು ಪಕ್ಕದಲ್ಲಿ ನಿಂತರು. ನನ್ನ ಬೆಲ್ಟಿಗೆ ಮೊಳೆಯಲ್ಲಿ ಹೊಡೆದುಕೊಂಡಿದ್ದ ಹೊಸ ಹೊಸ ತೂತುಗಳನ್ನು ನೋಡಿದರು.

“ಅರೆ ಮೂರ್ತಿ, ಯೂನಿಯನ್ ಮಾಡೋನಿಗೆ ಗಂಟಲು ಹೋಗುತ್ತೆ, ಸೊಂಟ ಯಾಕಪ್ಪಾ ಹೋಗುತ್ತೆ?” ಎಂದು ಮೆಲ್ಲಗೆ ಕೇಳಿದರು.

ನಾನು ಹೇಳಿದೆ. ಅವರು ಕೇಳಿ ಗಡ್ಡ ನೀವಿಕೊಂಡು, “ನಮ್ಮ ದೊಡ್ಡಪ್ಪನ ಮಗ ಹೆಬ್ಬಾಳದಲ್ಲಿ ಒಬ್ಬ ಮಿಲಿಟ್ರಿ ಡಾಕ್ಟರ್ ಸಾಬ್ ಹತ್ರ ಡ್ರೈವರ್ ಇದಾನೆ. ಶುಕ್ರವಾರ ಜುಮ್ಮಾ ದಿನ ನಾನೇ ಕರ್ಕೊಂಡ್ ಹೋಗ್ತೀನಿ. ಸಾಬ್ ಬೈತಾರೆ, ಬೈಸ್ಕೊ. ಬೈಯೋ ಡಾಕ್ಟರು ಒಳ್ಳೇರು” ಎಂದರು. “ಶೇಷಾದ್ರಿಗಳು ನನ್ನ ಬಗ್ಗೆ ನಿಮ್ಮನ್ನ ಕೇಳಿದ್ರೆ?” ಎಂದೆ. “ನಾನು ಫೋರ್‌ಮನ್ನು. ಮೆಶೀನ್ ವಿಷಯ ಕೇಳಿದ್ರೆ ಹೇಳ್ತೀನಿ” ಎಂದು ಹೊರಟುಹೋದರು.

ಡಾಕ್ಟರ್ ಉತ್ತಯ್ಯನವರು ಕೊಡಗಿನವರು. ಸೈನ್ಯದಿಂದ ನಿವೃತ್ತರಾಗಿ ಹೆಬ್ಬಾಳದ ಕೆರೆಯ ಕಡೆ ಮನೆ ಕಟ್ಟಿಸಿ, ವರಾಂಡದಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಬಾಗಿಲಲ್ಲಿ ಎರಡು ನಾಯಿ. ಡಾಕ್ಟರಿಗಿಂತ ಮೊದಲು ನಾಯಿಗಳೇ ನನ್ನ ಹೊಟ್ಟೆಯನ್ನು ಮೂಸಿ ಪರೀಕ್ಷೆ ಮಾಡಿದವು. ಡಾಕ್ಟರು ಮಲಗಿಸಿ ಬಲಗಡೆ ಒತ್ತಿದರು. ನಾನು ಛಾವಣಿಯವರೆಗೆ ಹಾರಿದೆ.

“ಅಮೀಬಾ ಅಂದ್ರಾ ಮೊದಲು?”

“ಹೌದು ಸಾರ್.”

“ಆಮೇಲೆ ಟೀಬಿ ಅಂದ್ರು. ತಿಂಗಳುಗಟ್ಟಲೆ ಸೂಜಿ ಹಾಕಿದ್ರು. ಒಂದು ಕೂದಲಷ್ಟೂ ಉಪಯೋಗ ಆಗ್ಲಿಲ್ಲ. ಆದ್ರೂ ಹಾಕಿಸ್ಕೊಂಡೇ ಇದೀರಿ. ನೀವೇನು ಮನುಷ್ಯರಾ, ಪಿನ್ ಕುಶನ್ನಾ?”

ಖಾದರ್ ಸಾಹೇಬರು ನನ್ನ ಕಡೆ ನೋಡಿ, ಹೇಳಿರಲಿಲ್ಲವೇ ಎಂಬಂತೆ ತಲೆಯಾಡಿಸಿದರು.

ಡಾಕ್ಟರು ಸುಣ್ಣದ ನೀರಿನಂಥ ಒಂದು ದ್ರವ ಕುಡಿಸಿ ಎಕ್ಸ್-ರೇ ತೆಗೆಸಲು ಪೇಟೆಗೆ ಕಳಿಸಿದರು. ಹರಳೆಣ್ಣೆ ಕಾಫಿ ಕುಡಿದವನಿಗೆ ಅದು ದೊಡ್ಡದಾಗಿ ಕಾಣಲಿಲ್ಲ. ಚಿತ್ರವನ್ನು ಅವರು ಕಿಟಕಿಗೆ ಹಿಡಿದು ತೋರಿಸಿದರು. ಕರುಳು ಅಗಲವಾಗಿ ಬಂದು, ಬಂದು, ಕೊನೆಯಲ್ಲಿ ದಾರದಷ್ಟು ಸಣ್ಣಗಾಗಿತ್ತು. “ನೋಡಿ, ಇಲ್ಲಿ ಊದಿ ದಪ್ಪಗಾಗಿ ದಾರಿ ಮುಚ್ಚಿದೆ. ಸೈನ್ಯದಲ್ಲಿದ್ದಾಗ ಹೊರದೇಶದಲ್ಲಿ ಇಂಥದ್ದು ಕಂಡಿದ್ದೆ. ಕ್ರೋನ್ಸ್ ಕಾಯಿಲೆ ಅಂತಾರೆ. ನಮ್ಮಲ್ಲಿ ಯಾರೂ ಇದನ್ನ ಹುಡುಕಲ್ಲ, ಹುಡುಕದೇ ಇರೋದು ಸಿಗೋದೂ ಇಲ್ಲ.”

“ವಾಸಿ ಆಗುತ್ತಾ ಸಾರ್?”

“ಇಲ್ಲ.” ಚಿತ್ರವನ್ನು ಕಿಟಕಿಯಿಂದ ಇಳಿಸಿ, “ಅಡಗುತ್ತೆ. ಅಡಗಿಸೋ ಮಾತ್ರೆ ಇದೆ. ಆದ್ರೆ ಒಂದು ಅಪಾಯ. ಒಂದು ವೇಳೆ ಇದು ಟೀಬಿನೇ ಆಗಿದ್ರೆ ಈ ಮಾತ್ರೆಯಿಂದ ಅದು ಮೈಯೆಲ್ಲಾ ಹರಡಬಹುದು. ಹೊಟ್ಟೆ ಕುಯ್ದು ನೋಡದೆ ನೂರಕ್ಕೆ ನೂರು ಹೇಳೋಕಾಗಲ್ಲ. ಅದಕ್ಕೇ ಟೀಬಿ ಮಾತ್ರೆನೂ ಕಾವಲಿಗೆ ಇರ್ಲಿ. ವಾರವಾರ ಬಂದು ನನ್ನ ಕೈಲಿ ಬೈಸ್ಕೊಂಡು ಹೋಗಬೇಕು. ಮನೇಲಿ ಕೇಳಿ ಹೇಳಿ” ಎಂದರು.

ಸರೋಜ ಒಂದೇ ಪ್ರಶ್ನೆ ಕೇಳಿದಳು: “ಆ ಡಾಕ್ಟರು ‘ಗೊತ್ತಿಲ್ಲ’ ಅಂತ ಒಂದ್ಸಲನಾದ್ರೂ ಅಂದ್ರಾ?” ನೂರಕ್ಕೆ ನೂರು ಹೇಳೋಕಾಗಲ್ಲ ಎಂದರು, ಎಂದೆ. “ಹಾಗಾದ್ರೆ ತಗೊಳ್ಳಿ. ಇಷ್ಟು ದಿನ ಬಂದೋರೆಲ್ಲ ಗೊತ್ತು ಗೊತ್ತು ಅಂದೋರೇ.”

ಆ ಮಾತ್ರೆಯ ಮಹಿಮೆಯನ್ನು ಏನೆಂದು ಬಣ್ಣಿಸಲಿ. ಕೆಲವೇ ದಿನಗಳಲ್ಲಿ ಜ್ವರ ನಿಂತಿತು. ನೋವು ಬಾಡಿಗೆ ಮನೆ ಖಾಲಿ ಮಾಡುವವರ ಹಾಗೆ ಒಂದೊಂದೇ ಸಾಮಾನು ಎತ್ತಿಕೊಂಡು ಹೊರಟಿತು. ಆಮೇಲೆ ಬಂತು ಹಸಿವು. ಒಬ್ಬನ ಹಸಿವಲ್ಲ, ಒಂದು ಪಡೆಯ ಹಸಿವು. ಇಡ್ಲಿಗಳು ತಟ್ಟೆಯಿಂದ ಇಳಿಯುವ ಮೊದಲೇ ಮಾಯವಾಗುತ್ತಿದ್ದವು. ಸರೋಜ ಎರಡನೇ ಸಲ ಒಲೆ ಹಚ್ಚುತ್ತ, “ಒಬ್ಬ ಬಾಡಿಗೆದಾರ ಹೋದ ಅಂತ ಸಂತೋಷಪಟ್ರೆ ದೊಡ್ಡ ಸಂಸಾರವೇ ಬಂದು ಕೂತಿದೆಯಲ್ರೀ” ಎಂದು ನಕ್ಕಳು. ಅವಳು ನಕ್ಕು ಬಹಳ ಕಾಲವಾಗಿತ್ತು.

ಮಾತ್ರೆಗೆ ಇನ್ನೊಂದು ಗುಣವೂ ಇತ್ತು. ನನ್ನ ಮುಖ ಊದತೊಡಗಿತು. ಕೆನ್ನೆಗಳು ಎರಡೂ ಕಡೆ ಹಬ್ಬಿ ಮೂಗು ಕಣಿವೆಯಲ್ಲಿ ಕೂತಿತು. ಡಾಕ್ಟರು ಇದು ಔಷಧಿಯ ಅಡ್ಡ ಪರಿಣಾಮ, ಹೆದರಬೇಡಿ ಎಂದಿದ್ದರು. ಜನ ಹಾಗೆ ತಿಳಿಯಲಿಲ್ಲ. ದುಂಡು ಮುಖವೆಂದರೆ ನಮ್ಮ ಕಡೆ ಆರೋಗ್ಯ, ಐಶ್ವರ್ಯ, ಗೃಹಸೌಖ್ಯ ಮೂರೂ. ಮುನಿನಂಜಪ್ಪ ನನ್ನನ್ನು ಬೆಳಕಿಗೆ ತಿರುಗಿಸಿ ನೋಡಿ, “ಆ ನೋಡ್ರಿ, ಮಕ ಕುಂಬ್ಳಕಾಯಂಗಾಗೈತೆ! ಅವತ್ತೇ ಏಳ್ಲಿಲ್ವಾ, ಎಲ್ಲಾ ನಮ್ ಮುದ್ದೆ ಮಯ್ಮೆ” ಎಂದು ವಠಾರಕ್ಕೆಲ್ಲ ತೋರಿಸಿದ. ನಾನು ಮುದ್ದೆಯ ಕೀರ್ತಿಗೆ ಅಡ್ಡ ಬರಲಿಲ್ಲ.

ಕಾರ್ಖಾನೆಯಲ್ಲಿ ಮೊಳೆಯ ಮೇಲೆ ಬಿಲ್ಲೆ ದಿನವಿಡೀ ತೂಗುತ್ತಿತ್ತು. ಬೇರೆಯವರು ಅದನ್ನು ಮುಟ್ಟಲು ಮೊದಮೊದಲು ಸಂಕೋಚಪಟ್ಟರು; ನನ್ನ ಸ್ವಂತದ್ದೆಂಬ ಭಾವನೆ ಬಂದುಬಿಟ್ಟಿತ್ತು. ಮಾಲು ನನ್ನ ಬೆಂಚಿನಿಂದ ಸರಾಗವಾಗಿ ಹರಿಯಿತು. ಓಣಿಯಲ್ಲಿ ನಾನು ಕಾಣದೆ ಗೋವಿಂದರಾಜು ಕಂಗಾಲಾದ. ಒಂದು ದಿನ ನನ್ನ ಬೆಂಚಿಗೇ ಬಂದ. ನನ್ನ ಮುಖ ನೋಡಿದ. ಹೊಸ ಕೆನ್ನೆಗಳನ್ನು ನೋಡಿದ. ಅವನ ಕಣ್ಣು ತುಂಬಿತು.

“ನೀನೂನಾ ಗುರು?” ಎಂದ. “ನಿನ್ನ ನೆಚ್ಕೊಂಡಿದ್ವಲ್ಲೋ. ಚೆನ್ನಾಗಿ ತಿನ್ಸಿದಾರೆ ಮೇಲಿನೋರು.”

“ಗೋವಿಂದರಾಜು, ಅದು ಹಾಗಲ್ಲ. ಮೊದಲು ನಾನು ಅಲ್ಲಿಗೆ ಬರ್ತಿದ್ದದ್ದು…” ಎಂದು ಶುರುಮಾಡಿದೆ. ಪಕ್ಕದ ಬೆಂಚಿನವರೆಲ್ಲ ಕಿವಿ ನಿಮಿರಿಸಿದರು. ಕಮಿಟಿ ಕೂರಲು ಇನ್ನೂ ಒಂದು ವಾರವಿತ್ತು. ನಾನು ಬಾಯಿ ಮುಚ್ಚಿಕೊಂಡೆ.

“ಸಾಕು ಬಿಡು. ಬೇರೆಯೋರಿಗೆ ಹೇಳು” ಎಂದು ಅವನು ಕಾಲುಚೀಲ ಎಳೆದುಕೊಂಡು ಹೋದ.

ಶೇಷಾದ್ರಿಗಳ ಸಂತೋಷಕ್ಕೆ ಪಾರವಿರಲಿಲ್ಲ. ಅವರು ನನ್ನನ್ನು ಮತ್ತೆ ಕರೆಸಿ, ಅದೇ ಕುರ್ಚಿಯಲ್ಲಿ ಕೂರಿಸಿ, “ನಾನು ಒಂದೇ ಒಂದು ಮಾತು ಹೇಳಿದ್ದೆ. ನೋಡಿ, ಮನುಷ್ಯ ಮನಸ್ಸು ಮಾಡಿದ್ರೆ ಎಲ್ಲಾ ಕೈಲಿರುತ್ತೆ. ಕೆಟ್ಟ ಸಹವಾಸ ಬಿಟ್ರಿ, ಮನಸ್ಸಿಗೆ ಶಾಂತಿ ಬಂತು, ಮುಖದಲ್ಲೇ ಕಾಣುತ್ತೆ” ಎಂದರು.

“ಎಲ್ಲಾ ಮಾತ್ರೆ… ಎಲ್ಲಾ ನಿಮ್ಮ ಮಾತಿನ ಪ್ರಭಾವ ಸಾರ್” ಎಂದೆ.

ಖಾದರ್ ಸಾಹೇಬರನ್ನೂ ಅಲ್ಲಿಗೆ ಕರೆಸಿದ್ದರು. “ಏನ್ ಫೋರ್‌ಮನ್, ನಿಮ್ಮ ಅಭಿಪ್ರಾಯ?” ಎಂದು ಕೇಳಿದ್ದಕ್ಕೆ ಅವರು ಗೋಡೆಯ ಕಡೆ ನೋಡುತ್ತ, “ಮೆಶೀನ್ ಠೀಕ್ ನಡೀತಾ ಇದೆ ಸಾಬ್” ಎಂದರು. ಮೆಡಿಕಲ್ ಬೋರ್ಡಿನವರು ಕಣ್ಣು ನೋಡಿದರು, ಎದೆಯ ಎಕ್ಸ್-ರೇ ನೋಡಿದರು, ಕೆನ್ನೆ ನೋಡಿ ಏನು ತಿನ್ನುತ್ತೀರಿ ಎಂದು ಕೇಳಿದರು. ರಾಗಿಮುದ್ದೆ ಎಂದೆ. ಕರುಳಿನ ಸುದ್ದಿಗೆ ಯಾರೂ ಬರಲಿಲ್ಲ.

ಮುಂದೆ ಮಾತ್ರೆ ಕಡಿಮೆಯಾಗುತ್ತ ಬಂದು ನನ್ನ ಮುಖ ತನ್ನ ಹಳೆಯ ಅಳತೆಗೆ ಇಳಿಯಿತು. ಯೂನಿಯನ್ ಆಯಿತು, ಎರಡನೇ ಬಿಲ್ಲೆಯೂ ಬಂತು. ಗೋವಿಂದರಾಜುವಿಗೆ ನಾನು ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿ, ಕಥೆ ಚೆನ್ನಾಗಿ ಕಟ್ಟಿದೀಯ ಎಂದ. ಹೊಟ್ಟೆ ನಡುವೆ ಒಂದೆರಡು ಸಲ ತಿರುಗಿ ಬಿತ್ತು; ಒಮ್ಮೆ ಆಸ್ಪತ್ರೆಯಲ್ಲಿ ಕರುಳಿನ ಆ ಕೊನೆಯ ಒಂದು ಗೇಣನ್ನು ಕತ್ತರಿಸಿ ತೆಗೆದರು. ತೆಗೆದದ್ದನ್ನು ಪರೀಕ್ಷೆ ಮಾಡಿ, ಕ್ಷಯವಲ್ಲ, ಕ್ರೋನ್ಸ್ ಎಂದೇ ಬರೆದು ಕೊಟ್ಟರು. ಉತ್ತಯ್ಯನವರು ಅದನ್ನು ಓದಿ, “ಗುಡ್” ಎಂದು ಒಮ್ಮೆ ಮಾತ್ರ ಬೈಯದೆ ಕಳಿಸಿದರು.

ಕೆಲಸ ಕಮಿಟಿ ಕೂತ ಆ ತಿಂಗಳೇ ಪರ್ಮನೆಂಟ್ ಆಗಿತ್ತು. ಬೇಸಿಗೆಗೆ ಮುಂಚೆ ಜಾಲಹಳ್ಳಿಯ ಕ್ವಾರ್ಟರ್ಸಿಗೆ ಹೋದೆವು. ಕಾಯಿಲೆ ಈಗಲೂ ಹೋಗಿಲ್ಲ; ಮಾತ್ರೆ ದಿನಕ್ಕೊಂದು ನಡೆದಿದೆ.